ಆಸ್ಪತ್ರೆ ದೂರ ಇರುವ ಕಡೆ ಓವರ್‌ಡೋಸ್ ಸಾವು ತಡೆಯೋದು ಹೇಗೆ?

ಪ್ರಶ್ನೆ: ಮಾದಕ ವಸ್ತು ಬಳಸುವವರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಡಾಕ್ಟರ್ ಇಲ್ಲ. ಒಬ್ಬ ನರ್ಸ್ ವಾರಕ್ಕೆ ಎರಡು ದಿನ ಬರುತ್ತಾರೆ. ದೊಡ್ಡಾಸ್ಪತ್ರೆ ದೂರ, ಆಂಬುಲೆನ್ಸ್ ಬಂದರೆ ಬಂತು. ಹೆರಾಯಿನ್ ಚುಚ್ಚಿಕೊಳ್ಳುವ ಹುಡುಗರಲ್ಲಿ ಕೆಲವರು ಓವರ್‌ಡೋಸ್ ಆಗಿ ತೀರಿಹೋದರು. ಓವರ್‌ಡೋಸ್ ಇಳಿಸುವ ನಲೋಕ್ಸೋನ್ ಇಂಜೆಕ್ಷನ್ನನ್ನು ನಶೆ ಮಾಡುವವರ ಕೈಗೇ, ಮನೆಯವರ ಕೈಗೇ ಕೊಡುವ ಪದ್ಧತಿ ಇದೆ ಅಂತ ಕೇಳಿದ್ದೇವೆ. ಆದರೆ ನಮ್ಮೊಳಗೇ ಒಮ್ಮತ ಇಲ್ಲ. ಓದು ಬರಹ ಬಾರದವರು ಸೂಜಿ ಚುಚ್ಚಿದರೆ ಅಪಾಯ ಅಲ್ವಾ? ಔಷಧಿ ಕೈಲಿದೆ ಅಂತ ಇನ್ನಷ್ಟು ನಶೆ ಮಾಡೋದಿಲ್ವಾ? ಇರುವ ಸ್ವಲ್ಪ ದುಡ್ಡಿನಲ್ಲಿ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕೊಡಬಹುದು ಅಷ್ಟೇ ಅಲ್ಲ, ಕೊಡಲೇಬೇಕು. ಆಸ್ಪತ್ರೆ ಹತ್ತಿರ ಇರುವ ಊರಿಗಿಂತ ನಿಮ್ಮಂಥ ಕಡೆಗೇ ಇದು ಹೆಚ್ಚು ಬೇಕಾದ ಕೆಲಸ. ಯಾಕೆ ಅಂತ ತಿಳಿಯಬೇಕಾದರೆ, ಓವರ್‌ಡೋಸ್ ಆದಾಗ ಮನುಷ್ಯ ಸಾಯೋದು ಹೇಗೆ ಅಂತ ಮೊದಲು ನೋಡಬೇಕು.

ಹೆರಾಯಿನ್, ಮಾರ್ಫಿನ್, ಕೊಡೀನ್, ಟ್ರಮಡಾಲ್, ಮೆಥಡೋನ್, ಫೆಂಟನಿಲ್ ಎಲ್ಲವೂ ಒಪಿಯಾಯ್ಡ್ ಅನ್ನುವ ಒಂದೇ ಗುಂಪಿಗೆ ಸೇರಿದವು. ಇವು ನೋವು ಇಳಿಸುತ್ತವೆ, ಅಮಲು ಬರಿಸುತ್ತವೆ. ಜೊತೆಗೆ ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಭಾಗವನ್ನೂ ಮಂಕು ಮಾಡುತ್ತವೆ. ಡೋಸ್ ಮಿತಿ ಮೀರಿದರೆ ಉಸಿರು ನಿಧಾನ ಆಗುತ್ತಾ ಆಗುತ್ತಾ ನಿಂತೇ ಹೋಗುತ್ತದೆ. ಆಗಲೂ ಹೃದಯ ಸ್ವಲ್ಪ ಹೊತ್ತು ಬಡಿಯುತ್ತಲೇ ಇರುತ್ತದೆ. ರಕ್ತದಲ್ಲಿ ಆಮ್ಲಜನಕ ಮುಗಿದ ಮೇಲೆ ಅದೂ ಸುಮ್ಮನಾಗುತ್ತದೆ. ಅಂದರೆ ಈ ಸಾವು ಉಸಿರು ನಿಂತು ಬರುವ ಸಾವು. ಉಸಿರು ಪೂರ್ತಿ ನಿಂತ ಮೇಲೆ ಮೆದುಳಿಗೆ ಪೆಟ್ಟು ಬೀಳಲು ಕೆಲವೇ ನಿಮಿಷ ಸಾಕು.

ಆದರೆ ಅದಕ್ಕೂ ಮುಂಚೆ ಸಮಯ ಇರುತ್ತದೆ. ಹೆರಾಯಿನ್ ತೆಗೆದುಕೊಂಡವರು ಎಷ್ಟೋ ಸಲ ಸೂಜಿ ಚುಚ್ಚಿದ ಕೂಡಲೇ ಸಾಯೋದಿಲ್ಲ, ಒಂದರಿಂದ ಮೂರು ಗಂಟೆ ಹಿಡಿಯಬಹುದು. ಫೆಂಟನಿಲ್ ಆದರೆ ನಿಮಿಷಗಳ ಲೆಕ್ಕ. ಬಹಳ ಸಲ ಆ ಹೊತ್ತಿನಲ್ಲಿ ಹತ್ತಿರದಲ್ಲೇ ಯಾರೋ ಇರುತ್ತಾರೆ. ಜೊತೆಗೆ ಕೂತು ಚುಚ್ಚಿಕೊಂಡ ಗೆಳೆಯ, ಹೆಂಡತಿ, ಪಕ್ಕದ ಕೋಣೆಯಲ್ಲಿರುವ ಅಮ್ಮ. ಡಾಕ್ಟರ್ ಎಷ್ಟೇ ಒಳ್ಳೆಯವರಾದರೂ ಅಲ್ಲಿರೋದಿಲ್ಲ. ಹಾಗಾಗಿ ಉಳಿಸುವ ಕೆಲಸ ಅಲ್ಲಿ ಇರುವವರ ಕೈಯಲ್ಲೇ ಆಗಬೇಕು. ನಿಮ್ಮ ಇಡೀ ಯೋಜನೆಯನ್ನು ಈ ಒಂದು ಮಾತಿನ ಮೇಲೆ ಕಟ್ಟಿ. ಔಷಧಿ ಕಚೇರಿಯ ಬೀರುವಿನಲ್ಲಿದ್ದರೆ ಅದರಿಂದ ಯಾರಿಗೂ ಉಪಯೋಗ ಇಲ್ಲ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಓವರ್‌ಡೋಸ್ ಕಣ್ಣಾರೆ ನೋಡುವ ಸಾಧ್ಯತೆ ಇರುವ ಎಲ್ಲರಿಗೂ ನಲೋಕ್ಸೋನ್ ಸಿಗಬೇಕು, ಅದನ್ನು ಕೊಡುವುದು ಹೇಗೆ ಅಂತ ಕಲಿಸಬೇಕು ಎಂದು ಅದರಲ್ಲಿ ನೇರವಾಗಿ ಹೇಳಿದೆ. ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 6 ಲಕ್ಷ ಜನ ಮಾದಕ ವಸ್ತುಗಳ ಕಾರಣದಿಂದ ಸತ್ತರು. ಅದರಲ್ಲಿ ಶೇ 80ರಷ್ಟು ಸಾವಿಗೆ ಒಪಿಯಾಯ್ಡ್‌ಗಳ ನಂಟಿತ್ತು. ನೇರವಾಗಿ ಒಪಿಯಾಯ್ಡ್ ಓವರ್‌ಡೋಸ್‌ನಿಂದಲೇ ಸತ್ತವರು ಸುಮಾರು ಒಂದೂಕಾಲು ಲಕ್ಷ.

ಸಾಮಾನ್ಯ ಜನರ ಕೈಗೆ ನಲೋಕ್ಸೋನ್ ಕೊಡುವ ಕೆಲಸ ದೊಡ್ಡ ಆಸ್ಪತ್ರೆಗಳಿಂದ ಹುಟ್ಟಿದ್ದಲ್ಲ. ಅಮೆರಿಕದ ಶಿಕಾಗೋದಲ್ಲಿ ಡ್ಯಾನ್ ಬಿಗ್ ಮತ್ತು ಅವರ ಜೊತೆಗಾರರ ಸಣ್ಣ ಸಂಸ್ಥೆಯೊಂದು 1996ರ ಹೊತ್ತಿಗೇ ಇದನ್ನು ಶುರು ಮಾಡಿತ್ತು. ಆಗ ಬೆಂಬಲ ಕಡಿಮೆ, ಅನುಮಾನವೇ ಜಾಸ್ತಿ. ಸ್ಕಾಟ್ಲೆಂಡ್ 2011ರಲ್ಲಿ ಇದನ್ನು ಇಡೀ ದೇಶದ ಕಾರ್ಯಕ್ರಮ ಮಾಡಿಕೊಂಡಿತು. ಆದರೆ ನಿಮಗೆ ಹತ್ತಿರದ ಉದಾಹರಣೆ ಅಂದರೆ ಮಧ್ಯ ಏಷ್ಯಾ ಮತ್ತು ಉಕ್ರೇನ್‌ನದ್ದು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಎಸ್‌ಒಎಸ್ (ಸ್ಟಾಪ್ ಓವರ್‌ಡೋಸ್ ಸೇಫ್ಲಿ) ಅನ್ನುವ ಯೋಜನೆಯನ್ನು ಕಜಕಸ್ತಾನ, ಕಿರ್ಗಿಸ್ತಾನ, ತಜಕಿಸ್ತಾನ, ಉಕ್ರೇನ್‌ಗಳಲ್ಲಿ ನಡೆಸಿದವು. 14 ಸಾವಿರಕ್ಕೂ ಹೆಚ್ಚು ಜನರಿಗೆ ತರಬೇತಿ ಕೊಟ್ಟು, 16 ಸಾವಿರಕ್ಕೂ ಹೆಚ್ಚು ಕಿಟ್ ಹಂಚಿದರು. ಅವರಲ್ಲಿ ಒಂದು ಗುಂಪನ್ನು ಆರು ತಿಂಗಳ ನಂತರ ಮತ್ತೆ ಮಾತನಾಡಿಸಿದರು. ಓವರ್‌ಡೋಸ್ ನೋಡಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ನಲೋಕ್ಸೋನ್ ಬಳಸಿದ್ದರು. ಅವರು ಆರೈಕೆ ಮಾಡಿದವರಲ್ಲಿ ಬಹುತೇಕ ಎಲ್ಲರೂ ಬದುಕಿದ್ದರು. ಹೀಗೆ ಜೀವ ಉಳಿಸಿದವರಲ್ಲಿ ಹೆಚ್ಚಿನವರು ಮಾದಕ ವಸ್ತು ಬಳಸುವವರು, ಅವರ ಮನೆಯವರು, ಗೆಳೆಯರು. ಈ ದೇಶಗಳಿಂದ ಈ ಉತ್ತರ ಬಂದ ಮೇಲೂ ‘ನಮ್ಮ ಜನರಿಗೆ ಇದೆಲ್ಲ ಆಗೋದಿಲ್ಲ’ ಅನ್ನುವ ಮಾತನ್ನು ನಾನು ಒಪ್ಪಲಾರೆ.

ಇನ್ನು ಔಷಧಿಯ ವಿಚಾರ. ನಲೋಕ್ಸೋನ್ ಹೊಸದೇನಲ್ಲ. 1961ರಲ್ಲಿ ತಯಾರಾಯಿತು, 1971ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, 1983ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅದು ಕೆಲಸ ಮಾಡುವ ಬಗೆಯನ್ನು ತರಬೇತಿಯಲ್ಲಿ ನಾನು ಕುರ್ಚಿಯ ಲೆಕ್ಕದಲ್ಲಿ ಹೇಳುತ್ತೇನೆ. ಮೆದುಳಿನಲ್ಲಿ ಕೆಲವು ಕುರ್ಚಿಗಳಿವೆ, ಅದರ ಮೇಲೆ ಹೆರಾಯಿನ್ ಕೂತಿದೆ. ನಲೋಕ್ಸೋನ್ ಬಂದು ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಎರಡರಿಂದ ಐದು ನಿಮಿಷದಲ್ಲಿ ಉಸಿರು ವಾಪಸ್ ಬರುತ್ತದೆ. ಆದರೆ ನಲೋಕ್ಸೋನ್ ಅಲ್ಲಿ ಬಹಳ ಹೊತ್ತು ಕೂರೋದಿಲ್ಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಎದ್ದು ಹೋಗುತ್ತದೆ. ಹೆರಾಯಿನ್ ಇನ್ನೂ ಅಲ್ಲೇ ಸುತ್ತಮುತ್ತ ನಿಂತಿದ್ದರೆ ಮತ್ತೆ ಬಂದು ಕೂರಬಹುದು. ಮೆಥಡೋನ್‌ನಂಥ ದೀರ್ಘ ಕಾಲದ ಔಷಧಿಯಾದರೆ ಒಂದು ದಿನಕ್ಕಿಂತ ಹೆಚ್ಚೇ ಮೈಯಲ್ಲಿರುತ್ತದೆ. ಹಾಗಾಗಿ ಎಚ್ಚರ ಆಯ್ತು, ಕೆಲಸ ಮುಗೀತು ಅಂತ ಎದ್ದು ಹೋಗುವ ಹಾಗಿಲ್ಲ. ಕಡಿಮೆ ಅಂದರೂ ಎರಡು ಗಂಟೆ ಪಕ್ಕದಲ್ಲಿರಬೇಕು. ಮೆಥಡೋನ್ ಅಂತ ಗೊತ್ತಾದರೆ ಹೇಗಾದರೂ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಅಪಾಯ ಅಲ್ವಾ ಅಂತ ಕೇಳಿದ್ದೀರಿ. ಒಪಿಯಾಯ್ಡ್ ತೆಗೆದುಕೊಳ್ಳದವರಿಗೆ ತಪ್ಪಿ ನಲೋಕ್ಸೋನ್ ಕೊಟ್ಟರೂ ಹೇಳಿಕೊಳ್ಳುವಂಥದ್ದೇನೂ ಆಗೋದಿಲ್ಲ. ಅದರಿಂದ ನಶೆ ಏರೋದಿಲ್ಲ, ಚಟ ಹತ್ತೋದಿಲ್ಲ. ಸಕ್ಕರೆ ಇಳಿದು ಬಿದ್ದವರೋ ಕುಡಿದು ಬಿದ್ದವರೋ ಆಗಿದ್ದರೆ ಪ್ರಯೋಜನ ಆಗೋದಿಲ್ಲ ಅಷ್ಟೇ. ಗರ್ಭಿಣಿಯ ಉಸಿರು ನಿಲ್ಲುತ್ತಿದ್ದರೆ ಅವರಿಗೂ ಕೊಡಬೇಕು, ತಾಯಿ ಬದುಕಿದರೆ ತಾನೇ ಮಗು ಉಳಿಯೋದು. ನಿಜವಾದ ತೊಂದರೆ ಒಂದಿದೆ. ಚಟ ಇರುವವರಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ವಿತ್‌ಡ್ರಾವಲ್, ಅಂದರೆ ನಶೆ ಒಮ್ಮೆಲೇ ಇಳಿದಾಗ ಆಗುವ ಸಂಕಟ, ಜೋರಾಗಿ ಬರುತ್ತದೆ. ವಾಂತಿ, ಮೈಕೈ ನೋವು, ನಡುಕ, ವಿಪರೀತ ಸಿಟ್ಟು. ಅದರಿಂದಲೇ ನಾವು ಸಣ್ಣ ಡೋಸ್‌ನಿಂದ ಶುರು ಮಾಡಿ ಅನ್ನೋದು. ನಮಗೆ ಬೇಕಾಗಿರೋದು ಉಸಿರು. ಎದ್ದು ಕೂತು ಮಾತಾಡಲೇಬೇಕು ಅಂತೇನಿಲ್ಲ.

ಸ್ಪ್ರೇ ತರಬೇಕಾ, ಇಂಜೆಕ್ಷನ್ ಸಾಕಾ ಅನ್ನುವ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಮೂಗಿಗೆ ಹಾಕುವ ಸ್ಪ್ರೇ ಸುಲಭ, ನಿಜ. ಅಮೆರಿಕದಲ್ಲಿ 2015ರಲ್ಲಿ ಅದಕ್ಕೆ ಅನುಮತಿ ಸಿಕ್ಕಿ, 2023ರಲ್ಲಿ ಚೀಟಿ ಇಲ್ಲದೆ ಮಾರುವುದಕ್ಕೂ ಒಪ್ಪಿಗೆ ಆಯಿತು. ಆದರೆ ಅದು ದುಬಾರಿ. 0.4 ಮಿಲಿಗ್ರಾಂನ ಮಾಮೂಲಿ ಗಾಜಿನ ಆಂಪ್ಯೂಲ್ (ಇಂಜೆಕ್ಷನ್ ಔಷಧಿ ತುಂಬಿ ಮುಚ್ಚಿದ ಪುಟ್ಟ ಶೀಷೆ) ಅದರ ಮುಂದೆ ಬಹಳ ಅಗ್ಗ. ಒಂದು ಸ್ಪ್ರೇ ದುಡ್ಡಿನಲ್ಲಿ ಎಷ್ಟೋ ಆಂಪ್ಯೂಲ್ ಬರುತ್ತವೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೇ ಯೋಚನೆ ಇಲ್ಲದೆ ಆಂಪ್ಯೂಲ್ ತರುತ್ತೇನೆ. ಅಷ್ಟಕ್ಕೂ ದಿನಾ ಸಿರಿಂಜ್ ಹಿಡಿಯುವವರಿಗೆ ಚುಚ್ಚೋದು ಕಲಿಸಬೇಕಾ? ಅವರು ಕಲಿಯಬೇಕಾದ್ದು ನರಕ್ಕೆ ಬೇಡ, ಮಾಂಸಕ್ಕೆ ಸಾಕು ಅನ್ನೋದು ಮಾತ್ರ. ಆದರೆ ಆಂಪ್ಯೂಲಿನ ದ್ರವವನ್ನು ಹಾಗೇ ಮೂಗಿಗೆ ಬಿಡಲು ಹೋಗಬೇಡಿ. ಮೂಗಿನ ಸ್ಪ್ರೇಯಲ್ಲಿ ಸ್ವಲ್ಪ ದ್ರವದಲ್ಲೇ ಬಹಳ ಔಷಧಿ ಇರುತ್ತದೆ. ಆಂಪ್ಯೂಲಿನದ್ದು ತೆಳು, ಮೂಗಿಗೆ ಬಿಟ್ಟರೆ ಗಂಟಲಿಗೆ ಇಳಿದು ಹೋಗುತ್ತದೆ.

ಮನೆಯವರಿಗೆ ಮಾತ್ರ ಆಂಪ್ಯೂಲ್ ಒಡೆಯೋದೇ ದೊಡ್ಡ ಭಯ. ತರಬೇತಿಯಲ್ಲಿ ಇದಕ್ಕೆ ಪುರುಸೊತ್ತು ಮಾಡಿಕೊಳ್ಳಿ. ಮೊದಲು ಬೆರಳಿನಿಂದ ತಟ್ಟಿ, ಕುತ್ತಿಗೆಯ ಮೇಲೆ ನಿಂತ ದ್ರವ ಕೆಳಗಿಳಿಸಬೇಕು. ಕುತ್ತಿಗೆ ಹತ್ತಿರ ಒಂದು ಚುಕ್ಕೆ ಇದ್ದರೆ ಅದು ತಮ್ಮ ಕಡೆಗಿರುವ ಹಾಗೆ ಹಿಡಿದು, ಹತ್ತಿಯನ್ನೋ ಬಟ್ಟೆಯನ್ನೋ ಸುತ್ತಿ, ತಮ್ಮಿಂದ ಆಚೆ ಕಡೆಗೆ ಬಗ್ಗಿಸಿ ಮುರಿಯಬೇಕು. ಮೊದಲ ಸಲ ಹೆಚ್ಚಿನವರು ಹೆದರಿ ಮೆಲ್ಲಗೆ ಒತ್ತುತ್ತಾರೆ. ಹಾಗೆ ಒತ್ತಿದರೆ ಗಾಜು ಚೂರಾಗುತ್ತದೆ. ಒಂದೇ ಸಲಕ್ಕೆ ಗಟ್ಟಿಯಾಗಿ ಮುರಿದರೆ ಟಕ್ ಅಂತ ನೀಟಾಗಿ ಬರುತ್ತದೆ. ನೀರು ತುಂಬಿದ ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್‌ಗಳು ಅಗ್ಗಕ್ಕೆ ಸಿಗುತ್ತವೆ. ಪ್ರತಿಯೊಬ್ಬರ ಕೈಯಲ್ಲೂ ಎರಡೆರಡು ಒಡೆಸಿ. ಗಾಜು ಮುರಿಯುವ ಭಯ ಅಲ್ಲೇ ಹೋಗಬೇಕು. ಮಗ ನೀಲಿಗಟ್ಟಿ ಮಲಗಿರುವಾಗ ಅಮ್ಮನ ಕೈ ಮೊದಲ ಸಲ ಆಂಪ್ಯೂಲ್ ಹಿಡಿಯುವ ಹಾಗೆ ಆಗಬಾರದು.

ಕಿಟ್‌ನಲ್ಲಿ ಜಾಸ್ತಿ ಏನೂ ಬೇಡ. ಎರಡು ಅಥವಾ ಮೂರು ಆಂಪ್ಯೂಲ್, ಅಷ್ಟೇ ಹೊಸ ಸಿರಿಂಜ್, ಮಾಂಸದವರೆಗೆ ಮುಟ್ಟುವಷ್ಟು ಉದ್ದದ ಸೂಜಿ, ಕೈಗವಸು, ಬಾಯಿಗೆ ಬಾಯಿ ಇಡುವಾಗ ಮಧ್ಯೆ ಹಾಕುವ ಪ್ಲಾಸ್ಟಿಕ್ ಪರದೆ, ಚಿತ್ರ ಇರುವ ಒಂದು ಹಾಳೆ. ಓದು ಬಾರದವರಿಗೂ ಅರ್ಥ ಆಗಬೇಕು, ಅದಕ್ಕೇ ಚಿತ್ರ. ಆಂಪ್ಯೂಲ್ ಉರುಳಿ ಒಡೆಯದ ಹಾಗೆ ಗಟ್ಟಿ ಡಬ್ಬಿಯಲ್ಲಿಡಿ. ಫ್ರಿಜ್ ಬೇಕಿಲ್ಲ. ಬಿಸಿಲು, ಬೆಳಕು, ಒಲೆಯ ಕಾವಿನಿಂದ ದೂರ ಇದ್ದರೆ ಸಾಕು. ತಾರೀಖು ಮುಗಿದದ್ದನ್ನು ಬದಲಿಸಿ ಕೊಡಿ. ಆದರೆ ಎದುರಿಗೆ ಒಬ್ಬರ ಉಸಿರು ನಿಲ್ಲುತ್ತಿದೆ, ಕೈಲಿರೋದು ಹಳೆಯದೊಂದೇ ಅಂದರೆ ಅದನ್ನೇ ಕೊಡಿ ಅಂತ ಹೇಳಿಕೊಡಿ. ತಾರೀಖು ಮುಗಿದ ನಲೋಕ್ಸೋನ್ ಪರೀಕ್ಷಿಸಿ ನೋಡಿದ್ದಾರೆ, ಅದರ ಶಕ್ತಿ ಅಷ್ಟು ಬೇಗ ಹೋಗೋದಿಲ್ಲ.

ಈಗ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಗೊರಕೆ. ಓವರ್‌ಡೋಸ್ ಆದವರು ಎಷ್ಟೋ ಸಲ ಗೊರಕೆ ಹೊಡೆಯುತ್ತಿರುತ್ತಾರೆ. ಮಾಮೂಲಿ ಗೊರಕೆ ಅಲ್ಲ. ಆಳದಿಂದ ಬರುವ, ತಡೆತಡೆದು ಬರುವ, ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊರಗೊರ ಅನ್ನುವ ಸದ್ದು. ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಅರ್ಧ ಮುಚ್ಚಿರುತ್ತದೆ, ಅದರ ಸದ್ದು ಅದು. ಮನೆಯವರು ಏನಂದುಕೊಳ್ಳುತ್ತಾರೆ? ಪಾಪ, ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡ್ತಿದ್ದಾನೆ, ಎಬ್ಬಿಸೋದು ಬೇಡ ಅಂತ ದೀಪ ಆರಿಸಿ ಬಾಗಿಲು ಮುಂದೆ ಮಾಡುತ್ತಾರೆ. ಬೆಳಿಗ್ಗೆ ನೋಡಿದರೆ ಮೈ ತಣ್ಣಗಾಗಿರುತ್ತದೆ. ತೀರಿಹೋದವರ ಮನೆಗಳಲ್ಲಿ ಇದೇ ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. ರಾತ್ರಿ ಜೋರು ಗೊರಕೆ ಕೇಳ್ತಿತ್ತು ಸರ್, ಅಂತ. ತರಬೇತಿಯಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಆ ಸದ್ದು ಹೇಗಿರುತ್ತದೆ ಅಂತ ಬಾಯಲ್ಲೇ ಮಾಡಿ ತೋರಿಸಿ. ನಶೆ ಮಾಡಿದವರು ಹಾಗೆ ಗೊರಕೆ ಹೊಡೆದರೆ ಎಬ್ಬಿಸಲೇಬೇಕು. ಬೈದರೆ ಬೈಯಲಿ. ಎದ್ದು ಬೈಯುವವರು ಉಸಿರಾಡುತ್ತಿರುತ್ತಾರೆ.

ಉಳಿದ ಲಕ್ಷಣಗಳು ಹೀಗೆ. ಕೂಗಿದರೆ ಏಳೋದಿಲ್ಲ. ಮುಷ್ಟಿ ಕಟ್ಟಿ ಬೆರಳ ಗೆಣ್ಣುಗಳಿಂದ ಎದೆಯ ನಡುವಿನ ಮೂಳೆಯ ಮೇಲೆ ಗಟ್ಟಿಯಾಗಿ ಉಜ್ಜಿದರೂ ಏಳೋದಿಲ್ಲ. ಉಸಿರು ನಿಮಿಷಕ್ಕೆ ಎಂಟು ಹತ್ತಕ್ಕಿಂತ ಕಡಿಮೆ, ಅಥವಾ ಇಲ್ಲವೇ ಇಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗಿರುತ್ತದೆ. ತುಟಿ, ಉಗುರು ನೀಲಿ. ಕಪ್ಪು ಮೈಬಣ್ಣದವರಲ್ಲಿ ನೀಲಿ ಸರಿಯಾಗಿ ಕಾಣೋದಿಲ್ಲ, ಬೂದು ಬಣ್ಣಕ್ಕೆ ತಿರುಗುತ್ತದೆ. ತುಟಿಯ ಒಳಮಗ್ಗುಲು ನೋಡಬೇಕು. ಎಲ್ಲ ಲಕ್ಷಣವೂ ಸೇರಲಿ ಅಂತ ಕಾಯಬೇಡಿ. ಏಳುತ್ತಿಲ್ಲ, ಉಸಿರು ಸರಿ ಇಲ್ಲ, ಈ ಎರಡು ಇದ್ದರೆ ಶುರು ಮಾಡಿ.

ಮೊದಲು ಸಹಾಯಕ್ಕೆ ಕೂಗಿ, ಆಂಬುಲೆನ್ಸ್ ಇದ್ದರೆ ಫೋನ್ ಮಾಡಿ. ಆಮೇಲೆ ಅಂಗಾತ ಮಲಗಿಸಿ, ಬಾಯಲ್ಲಿ ಏನಾದರೂ ಇದ್ದರೆ ತೆಗೆದು, ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಮೇಲೆತ್ತಿ. ಎಷ್ಟೋ ಸಲ ಇಷ್ಟರಿಂದಲೇ ಉಸಿರಿನ ದಾರಿ ತೆರೆದು ಗೊರಕೆ ನಿಲ್ಲುತ್ತದೆ. ಉಸಿರು ಸಾಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಿ. ಐದು ಸೆಕೆಂಡಿಗೆ ಒಂದು ಸಲ. ಊದಿದಾಗ ಎದೆ ಏಳೋದು ಕಾಣಬೇಕು, ಹೊಟ್ಟೆ ಉಬ್ಬಿದರೆ ತಲೆ ಸರಿಯಾಗಿ ಬಾಗಿಲ್ಲ ಅಂತ. ಹೃದಯಾಘಾತದ ತರಬೇತಿ ಪಡೆದವರು ನೇರ ಎದೆ ಒತ್ತಲು ಹೋಗುತ್ತಾರೆ. ಇಲ್ಲಿ ಮೊದಲು ಬೇಕಾದ್ದು ಗಾಳಿ. ನಾಡಿ ನಿಂತುಹೋಗಿದ್ದರೆ, ಎದೆ ಒತ್ತಲು ಗೊತ್ತಿರುವವರು ಅದನ್ನೂ ಸೇರಿಸಬೇಕು. ನಲೋಕ್ಸೋನ್ ಮುಗಿದು ಹೋಗಿದ್ದರೂ, ಸಿಗದಿದ್ದರೂ, ಊದುತ್ತಾ ಇದ್ದರೆ ಜೀವ ಉಳಿಸಬಹುದು. ನಿಮ್ಮ ಹತ್ತಿರ ಔಷಧಿ ಬರೋದಕ್ಕೆ ತಿಂಗಳುಗಟ್ಟಲೆ ಆಗಬಹುದು, ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಉಸಿರು ಕೊಡೋದು ಕಲಿಸುವುದಕ್ಕೆ ಯಾರ ಅನುಮತಿಯೂ ಬೇಡ, ದುಡ್ಡೂ ಬೇಡ. ಈ ವಾರವೇ ಶುರು ಮಾಡಿ.

ಇಬ್ಬರಿದ್ದರೆ ಒಬ್ಬರು ಊದುತ್ತಿರುವಾಗಲೇ ಇನ್ನೊಬ್ಬರು ಔಷಧಿ ತುಂಬಿಕೊಳ್ಳಲಿ. ಒಂದು ಆಂಪ್ಯೂಲ್ ಪೂರ್ತಿ, ತೊಡೆಯ ಹೊರಮಗ್ಗುಲ ನಡುಭಾಗಕ್ಕೆ ಅಥವಾ ತೋಳಿನ ಮೇಲ್ಭಾಗಕ್ಕೆ. ಬಟ್ಟೆ ಬಿಚ್ಚುತ್ತಾ ಕೂರಬೇಡಿ, ಬಟ್ಟೆಯ ಮೇಲಿಂದಲೇ ಚುಚ್ಚಬಹುದು. ಮತ್ತೆ ಊದುವುದು ಮುಂದುವರಿಸಿ. ಎರಡು ಮೂರು ನಿಮಿಷ ಕಳೆದರೂ ಉಸಿರು ಬರದಿದ್ದರೆ ಇನ್ನೊಂದು. ಆ ಎರಡು ಮೂರು ನಿಮಿಷ ಬಹಳ ದೊಡ್ಡದು ಅನ್ನಿಸುತ್ತದೆ. ಗಾಬರಿಯಲ್ಲಿ ಇದ್ದದ್ದೆಲ್ಲ ಒಟ್ಟಿಗೆ ಚುಚ್ಚಿಬಿಡುತ್ತಾರೆ. ಗಡಿಯಾರ ನೋಡಿ ಕಾಯೋದನ್ನು ಅಭ್ಯಾಸ ಮಾಡಿಸಿ. ಉಸಿರು ಬಂದ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲು ಮಡಚಿ, ಕೈಯನ್ನು ಕೆನ್ನೆಯಡಿ ಇಡಿ. ವಾಂತಿ ಬಂದರೆ ಆಚೆ ಹೋಗಬೇಕು, ಶ್ವಾಸಕೋಶಕ್ಕೆ ಇಳಿಯಬಾರದು. ಯಾರಾದರೂ ಓಡಿ ಹೋಗಲೇಬೇಕಾಗಿ ಬಂದರೆ ಹೀಗೆ ಮಲಗಿಸಿಯೇ ಹೋಗಬೇಕು.

ಎಚ್ಚರ ಆದವರು ಮೊದಲು ಕೇಳೋದು ‘ಏನು ಮಾಡಿದಿರಿ, ನನ್ನ ನಶೆ ಯಾಕೆ ಇಳಿಸಿದಿರಿ’ ಅಂತ. ಮೈಯೆಲ್ಲ ಹಿಂಡುತ್ತಿರುತ್ತದೆ, ಮತ್ತೊಂದು ಡೋಸ್ ಹಾಕಿಕೊಳ್ಳಲು ಎದ್ದು ಹೊರಡುತ್ತಾರೆ. ಜಗಳ ಆಡಬೇಡಿ. ಏನಾಯ್ತು ಅಂತ ಮೆಲ್ಲಗೆ ಹೇಳಿ. ಈ ಸಂಕಟ ಗಂಟೆ, ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ, ಈಗ ಹಾಕಿಕೊಂಡರೆ ನಶೆ ಏರೋದಿಲ್ಲ, ಔಷಧಿ ಇಳಿದ ಮೇಲೆ ಎರಡೂ ಸೇರಿ ಹೊಡೆಯುತ್ತದೆ ಅಂತ ತಿಳಿಸಿ. ಇದನ್ನು ಗೆಳೆಯರೇ ಹೇಳಿದರೆ ಕೇಳುತ್ತಾರೆ.

ಎಲ್ಲ ಕಡೆಯೂ ಒಂದಷ್ಟು ನಾಟಿ ಉಪಾಯಗಳಿರುತ್ತವೆ. ಉಪ್ಪುನೀರು ಚುಚ್ಚೋದು, ಹಾಲು ಚುಚ್ಚೋದು, ತಣ್ಣೀರು ಸುರಿಯೋದು, ಐಸ್ ಇಡೋದು, ಬೇರೆ ಉತ್ತೇಜಕ ಕೊಡೋದು. ಯಾವುದೂ ಉಸಿರು ತರೋದಿಲ್ಲ. ಕೆಲವದರಿಂದ ಜೀವಕ್ಕೇ ಅಪಾಯ, ಉಳಿದವು ಸಮಯ ತಿನ್ನುತ್ತವೆ. ಆದರೆ ತರಬೇತಿಯಲ್ಲಿ ಇವನ್ನು ಹೀಗಳೆಯಬೇಡಿ. ಉಪ್ಪುನೀರು ಕೊಟ್ಟ ಮೇಲೆ ಎದ್ದು ಕೂತವರನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಸೂಜಿ ಚುಚ್ಚಿದ ನೋವಿಗೆ ಎದ್ದಿರಬಹುದು, ತಾವಾಗಿಯೇ ಎದ್ದಿರಬಹುದು. ಗೆಳೆಯನನ್ನು ಬಿಟ್ಟು ಓಡದೆ ಏನಾದರೂ ಮಾಡಬೇಕು ಅಂತ ನಿಂತವರು ಅವರು. ನೀವು ಹುಡುಕುತ್ತಿರುವ ಕಾರ್ಯಕರ್ತರು ಅವರೇ. ಅವರ ಕೈಗೆ ಸರಿಯಾದ ಔಷಧಿ ಕೊಡಿ.

ನಲೋಕ್ಸೋನ್ ಕೈಲಿದ್ದರೆ ನಶೆ ಜಾಸ್ತಿ ಮಾಡುತ್ತಾರೆ ಅನ್ನುವ ಅನುಮಾನಕ್ಕೆ ಬರುತ್ತೇನೆ. ಹೀಗಾಗುತ್ತದಾ ಅಂತ ಹುಡುಕಿದ ಅಧ್ಯಯನಗಳಲ್ಲಿ ಅದು ಕಂಡುಬಂದಿಲ್ಲ. ಕಂಡದ್ದು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಊರೂರು ಹೋಲಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೆಚ್ಚು ಜನರಿಗೆ ತರಬೇತಿ, ಕಿಟ್ ಸಿಕ್ಕಿದ ಊರುಗಳಲ್ಲಿ, ಏನೂ ಸಿಗದ ಊರುಗಳಿಗೆ ಹೋಲಿಸಿದರೆ, ಓವರ್‌ಡೋಸ್ ಸಾವಿನ ಪ್ರಮಾಣ ಹತ್ತಿರ ಹತ್ತಿರ ಅರ್ಧಕ್ಕಿಳಿದಿತ್ತು. ನಲೋಕ್ಸೋನ್ ಕೊಟ್ಟ ಮೇಲೆ ಆಗುವ ವಿತ್‌ಡ್ರಾವಲ್ ಯಾರಿಗೂ ಇಷ್ಟ ಇಲ್ಲದ ನರಕ. ನಲೋಕ್ಸೋನ್ ಇದೆ ಅಂತ ಯಾರೂ ಜಾಸ್ತಿ ಚುಚ್ಚಿಕೊಳ್ಳೋದಿಲ್ಲ. ಇದರ ಮೇಲೂ ನಿಮ್ಮಲ್ಲಿ ಯಾರಿಗಾದರೂ ಒಪ್ಪಿಗೆ ಇಲ್ಲದಿದ್ದರೆ ಕಿಟ್ ಪಡೆಯಲು ಬಂದ ಒಬ್ಬ ತಾಯಿಯ ಪಕ್ಕ ಅವರನ್ನು ಒಂದು ಗಂಟೆ ಕೂರಿಸಿ. ನನ್ನ ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಯಾರಿಗೆ ಮೊದಲು ಕೊಡಬೇಕು? ಇರುವ ಕಿಟ್ ಕಡಿಮೆ ಇದ್ದಾಗ ಇದು ನಿಜವಾದ ಪ್ರಶ್ನೆ. ಇದರಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತು ಒಂದೇ. ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟು ಫೋಟೋ ತೆಗೆಸಿಕೊಂಡು ದುಡ್ಡು ಮುಗಿಸಬೇಡಿ. ಮೊದಲ ಕಿಟ್‌ಗಳು ಚುಚ್ಚಿಕೊಳ್ಳುವವರಿಗೇ ಹೋಗಬೇಕು. ಅದರಲ್ಲೂ ಹತ್ತಾರು ಜನ ಬಂದು ಹೋಗುವ ಮನೆ ಇಟ್ಟುಕೊಂಡವರು, ಎಲ್ಲರಿಗೂ ಗೊತ್ತಿರುವವರು, ಸಾಧ್ಯ ಆದರೆ ಮಾರುವವರೂ. ಆಮೇಲೆ ಒಟ್ಟಿಗೆ ಇರುವ ಮನೆಯವರು. ಹೆಂಗಸರು ನಿಮ್ಮ ಕೇಂದ್ರಕ್ಕೆ ಬರೋದಿಲ್ಲ, ಬಂದರೂ ಗಂಡಸರ ಮುಂದೆ ಬಾಯಿ ಬಿಡೋದಿಲ್ಲ. ಅವರಿಗಾಗಿ ಬೇರೆ ಹೊತ್ತು, ಬೇರೆ ಜಾಗ ಬೇಕು, ಹೇಳಿಕೊಡುವವರೂ ಹೆಂಗಸರೇ ಆಗಿರಬೇಕು.

ಚುಚ್ಚಿಕೊಳ್ಳುವವರಲ್ಲೂ ಎಲ್ಲಕ್ಕಿಂತ ಮುಂದೆ ಇಡಬೇಕಾದವರು ಜೈಲಿನಿಂದ ಬಿಡುಗಡೆ ಆಗುವವರು. ಕೆಲವು ವಾರ ನಶೆ ಬಿಟ್ಟರೆ ಮೈಗೆ ಅದರ ಅಭ್ಯಾಸ ತಪ್ಪಿಹೋಗಿರುತ್ತದೆ. ಮನಸ್ಸಿನಲ್ಲಿ ಮಾತ್ರ ಹಳೇ ಡೋಸೇ ಇರುತ್ತದೆ. ಅಷ್ಟನ್ನೇ ಚುಚ್ಚಿಕೊಂಡರೆ ಸಾವು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೈದಿಗಳ ಮೇಲಿನ ಅಧ್ಯಯನ 2007ರಲ್ಲಿ ಬಂತು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಡ್ರಗ್ಸ್ ಓವರ್‌ಡೋಸ್‌ನಿಂದ ಸಾಯುವ ಅಪಾಯ ಅದೇ ರಾಜ್ಯದ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚು ಅಂತ ಅದು ತೋರಿಸಿತು. ನಶೆ ಬಿಡಿಸುವ ಕೇಂದ್ರದಿಂದ ಹೊರಬಂದವರು, ಆಸ್ಪತ್ರೆಯಲ್ಲಿ ಮಲಗಿ ಎದ್ದವರು, ಸ್ವಂತ ಬಲದಿಂದ ಬಿಟ್ಟು ಮತ್ತೆ ಜಾರಿದವರು, ಎಲ್ಲರಿಗೂ ಇದೇ ಅಪಾಯ. ನಶೆ ಬಿಡಿಸುವ ಕೇಂದ್ರದವರಿಗೆ ಇದನ್ನು ಹೇಳಿದರೆ ‘ಮತ್ತೆ ಕುಡೀತಾನೆ ಅಂತ ನೀವೇ ಹೇಳಿದ ಹಾಗಾಯ್ತಲ್ಲ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಹೊರಗೆ ಹೋಗುವವರ ಚೀಲದಲ್ಲಿ ಕಿಟ್ ಇರಲಿ.

ಒಪಿಯಾಯ್ಡ್ ಜೊತೆ ಮದ್ಯ, ನಿದ್ದೆ ಮಾತ್ರೆ ಸೇರಿದಾಗಲೂ ಸಾವು ಹತ್ತಿರ ಬರುತ್ತದೆ. ಎಲ್ಲವೂ ಉಸಿರನ್ನೇ ಕುಗ್ಗಿಸುವವು. ಮದ್ಯದ ಮೇಲೆ, ನಿದ್ದೆ ಮಾತ್ರೆಯ ಮೇಲೆ ನಲೋಕ್ಸೋನ್ ಕೆಲಸ ಮಾಡೋದಿಲ್ಲ. ಆದರೂ ಕೊಡಬೇಕು, ಒಪಿಯಾಯ್ಡ್ ಪಾಲನ್ನಾದರೂ ಅದು ಇಳಿಸುತ್ತದೆ. ಒಬ್ಬರೇ ಬಾಗಿಲು ಹಾಕಿಕೊಂಡು ಚುಚ್ಚಿಕೊಂಡರೆ ಯಾವ ಕಿಟ್ ಇದ್ದೂ ಪ್ರಯೋಜನ ಇಲ್ಲ, ತನಗೆ ತಾನೇ ನಲೋಕ್ಸೋನ್ ಕೊಟ್ಟುಕೊಳ್ಳೋಕೆ ಆಗೋದಿಲ್ಲ. ಒಬ್ಬರೇ ಇರಬೇಡಿ, ಇದ್ದರೆ ಬಾಗಿಲಿಗೆ ಚಿಲಕ ಹಾಕಬೇಡಿ, ಇಬ್ಬರಿದ್ದರೆ ಒಟ್ಟಿಗೆ ಚುಚ್ಚಿಕೊಳ್ಳಬೇಡಿ, ಹೊಸ ಮಾಲಾದರೆ ಸ್ವಲ್ಪ ಹಾಕಿ ನೋಡಿ. ಇಂಥ ಮಾತು ಆಡೋದಕ್ಕೆ ನಿಮ್ಮ ಕಾರ್ಯಕರ್ತರಿಗೆ ಮೊದಮೊದಲು ಮುಜುಗರ ಆಗುತ್ತದೆ. ಆಡಲೇಬೇಕು.

ಕಾನೂನಿನ ವಿಚಾರದಲ್ಲಿ ದೇಶ ದೇಶಕ್ಕೆ ವ್ಯತ್ಯಾಸ ಇದೆ. ಹೆಚ್ಚಿನ ಕಡೆ ನಲೋಕ್ಸೋನ್ ಡಾಕ್ಟರ್ ಚೀಟಿಯ ಔಷಧಿ. ಹೊಣೆ ಹೊರುವ ಒಬ್ಬ ಡಾಕ್ಟರ್ ಬೇಕು. ದಿನಾ ಬರಬೇಕಾಗಿಲ್ಲ, ತರಬೇತಿ ಪಡೆದವರಿಗೆ ಕೊಡಬಹುದು ಅಂತ ಬರೆದು ಸಹಿ ಮಾಡಿ, ಆಗಾಗ ಲೆಕ್ಕ ನೋಡಿದರೆ ಸಾಕು. ನಿಮ್ಮಲ್ಲಿ ಇಂಥ ಬರವಣಿಗೆಗೆ ಎಷ್ಟು ಅವಕಾಶ ಇದೆ ಅಂತ ಆರೋಗ್ಯ ಇಲಾಖೆಯಲ್ಲಿ ವಿಚಾರಿಸಿ. ಪೊಲೀಸರ ಜೊತೆ ಮುಂಚೆಯೇ ಮಾತಾಡಿ. ಕಿಟ್‌ನಲ್ಲಿ ಸಿರಿಂಜ್ ಇರುತ್ತದೆ, ಅದನ್ನು ಸಾಕ್ಷಿ ಅಂತ ಹಿಡಿದರೆ ಮರುದಿನವೇ ಎಲ್ಲರೂ ಕಿಟ್ ಎಸೆಯುತ್ತಾರೆ. ಡಬ್ಬಿಯ ಮೇಲೆ ಸಂಸ್ಥೆಯ ಹೆಸರು, ಡಾಕ್ಟರ್ ಸಹಿ ಇರುವ ಚೀಟಿ ಅಂಟಿಸಿದರೆ ಸ್ವಲ್ಪ ರಕ್ಷಣೆ. ಆಂಬುಲೆನ್ಸ್ ಕರೆದರೆ ಹಿಂದೆಯೇ ಪೊಲೀಸ್ ಬರುತ್ತಾರೆ ಅನ್ನುವ ಭಯಕ್ಕೆ ಗೆಳೆಯನನ್ನು ಬಿಟ್ಟು ಓಡಿದವರು ಎಲ್ಲ ದೇಶದಲ್ಲೂ ಇದ್ದಾರೆ. ಕರೆ ಮಾಡಿದವರ ಮೇಲೆ ಕೇಸ್ ಹಾಕೋದಿಲ್ಲ ಅನ್ನುವ ಭರವಸೆಯನ್ನು ನಿಮ್ಮ ಠಾಣೆಯಿಂದ ಪಡೆಯಲು ಸಾಧ್ಯ ಆದರೆ ಅದೇ ದೊಡ್ಡ ಕೆಲಸ.

ನಲೋಕ್ಸೋನ್ ಆ ರಾತ್ರಿಯ ಸಾವನ್ನು ತಡೆಯುತ್ತದೆ. ಮುಂದಿನ ತಿಂಗಳ ಸಾವನ್ನು ತಡೆಯೋದು ಹೆರಾಯಿನ್ ಬದಲಿಗೆ ಡಾಕ್ಟರ್ ನಿಗಾದಲ್ಲಿ ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಚಿಕಿತ್ಸೆ. ಇವೆರಡೂ 2005ರಿಂದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಚಿಕಿತ್ಸೆಯಲ್ಲಿ ಇರುವಷ್ಟು ಕಾಲ ಸಾವಿನ ಅಪಾಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಬಿಟ್ಟ ಮೊದಲ ವಾರಗಳಲ್ಲಿ ಮತ್ತೆ ಏರುತ್ತದೆ. ಎಷ್ಟೇ ದೂರ ಇದ್ದರೂ ಅಂಥ ಕೇಂದ್ರದ ಜೊತೆ ಸಂಬಂಧ ಇಟ್ಟುಕೊಳ್ಳಿ. ಓವರ್‌ಡೋಸ್‌ನಿಂದ ಬದುಕಿ ಬಂದವರು ಮರುದಿನ ಮಾತಿಗೆ ಸಿಗುತ್ತಾರೆ, ಆಗ ಕೇಳಿ ನೋಡಿ. ಮೆಥಡೋನ್ ದ್ರವವನ್ನು ಮನೆಗೆ ಒಯ್ಯುವವರಿದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಲು ಹೇಳಿ. ಒಂದು ಗುಟುಕು ಮಗುವಿನ ಜೀವ ತೆಗೆಯಬಹುದು.

ಕೊನೆಯದಾಗಿ ಲೆಕ್ಕದ ಪುಸ್ತಕ. ಕಿಟ್ ಖಾಲಿ ಮಾಡಿಕೊಂಡು ಬಂದವರಿಗೆ ಮೊದಲು ಹೊಸ ಕಿಟ್ ಕೊಡಿ, ಆಮೇಲೆ ಪ್ರಶ್ನೆ. ಕಳೆದುಹೋಯಿತು ಅಂದರೂ ಕೊಡಿ, ತಕರಾರು ಬೇಡ. ಹೆಸರು ಬರೆಯಬೇಡಿ. ಯಾವಾಗ, ಏನು ತೆಗೆದುಕೊಂಡಿದ್ದರು, ಎಷ್ಟು ಆಂಪ್ಯೂಲ್ ಬೇಕಾಯಿತು, ಬದುಕಿದರಾ, ಇಷ್ಟು ಬರೆದುಕೊಂಡರೆ ಸಾಕು. ಒಂದು ಆಂಪ್ಯೂಲ್‌ಗೆ ಏಳುತ್ತಿದ್ದವರಿಗೆ ಇದ್ದಕ್ಕಿದ್ದ ಹಾಗೆ ಮೂರು ಬೇಕಾಗುತ್ತಿದೆ ಅಂತ ಪುಸ್ತಕದಲ್ಲಿ ಕಂಡರೆ, ನಿಮ್ಮ ಕಡೆಗೆ ಹೆಚ್ಚು ತೀಕ್ಷ್ಣವಾದ ಮಾಲು ಬಂದಿರಬಹುದು. ಅದೇ ದಿನ ಎಲ್ಲರಿಗೂ ಸುದ್ದಿ ಮುಟ್ಟಿಸಿ, ಒಬ್ಬೊಬ್ಬರಿಗೆ ಇನ್ನೆರಡು ಆಂಪ್ಯೂಲ್ ಜಾಸ್ತಿ ಕೊಡಿ. ಕಿಟ್ ತಂದು ಕೊಟ್ಟವರು ಇನ್ನೂ ನಡುಗುತ್ತಿದ್ದರೆ ಪುಸ್ತಕ ಮುಚ್ಚಿಟ್ಟು ಅವರ ಜೊತೆ ಕೂತು ಮಾತಾಡಿ, ಬರೆಯೋದು ನಾಳೆ ಆದರೂ ಆಗುತ್ತದೆ.